ಹಳೆಯ ಜೀಪೂ ಹೊಗೆಕೊಳವಿಯೂ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಹಳೆಯ ಜೀಪಿಗೆ ಒಂದು ವಿಶೇಷ ಮರ್ಯಾದೆಯುಂಟು. ಗೊಬ್ಬರದ ಮೂಟೆಗಳನ್ನು ತೋಟದ ಮೇಲಣ ಅಂಚಿಗೆ ಹೊರುವುದಕ್ಕೂ, ಕಣದಲ್ಲಿ ಒಣಗಿದ ಕಾಫಿಯನ್ನು ಪೇಟೆಗೆ ಸಾಗಿಸುವುದಕ್ಕೂ, ಮಳೆಗಾಲದ ನಡುರಾತ್ರಿಯಲ್ಲಿ ಹೆರಿಗೆಯ ನೋವೆದ್ದವಳನ್ನು ಮಡಿಕೇರಿಯ ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಅದೇ ಬೇಕು. ಹೊಸ ಕಾರು ಅಂಗಳದಲ್ಲಿ ನಿಂತು ಬಂದವರ ಕಣ್ಣಿಗೆ ಬೀಳುತ್ತದೆ. ಜೀಪು ಕೊಟ್ಟಿಗೆಯ ಮಗ್ಗುಲಲ್ಲಿ ನಿಂತು ಕೆಲಸಕ್ಕೆ ಬೀಳುತ್ತದೆ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಜರಿದು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಮುಚ್ಚಿಹೋದ ದಿನಗಳನ್ನು ಕಂಡವರಿಗೆ, ನಾಲ್ಕು ಚಕ್ರಗಳಿಂದಲೂ ನೆಲವನ್ನು ಕಚ್ಚಿ ಎಳೆಯುವ ಈ ಮುದಿ ವಾಹನದ ಬೆಲೆಯನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.

ಇದರ ವಂಶಾವಳಿಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ 1945ರ ವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಸೈನ್ಯಕ್ಕೆಂದು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದುವು. ನಮ್ಮ ದೇಶದಲ್ಲಿ, 1945ರಲ್ಲಿ ಉಕ್ಕಿನ ವ್ಯಾಪಾರಕ್ಕಾಗಿ ಹುಟ್ಟಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರನ್ನು ತಳೆದ ಸಂಸ್ಥೆಯು, ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬಯಿಯಲ್ಲಿ ಈ ಜೀಪುಗಳನ್ನು ಜೋಡಿಸತೊಡಗಿತು. 1953ರಲ್ಲಿ ವಿಲ್ಲಿಸಿನವರು ಸಿ.ಜೆ.-3ಬಿ ಎಂಬ ಮಾದರಿಯನ್ನು ಹೊರತಂದರು. ಅದರ ಹರಿಕೇನ್ ಎಂಬ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು, 2199 ಘನ ಸೆಂಟಿಮೀಟರು ಗಾತ್ರ. ಒಳಗೆ ಉಸಿರೆಳೆಯುವ ಕವಾಟಗಳನ್ನು ನೆತ್ತಿಯ ಮೇಲಕ್ಕೆ ಏರಿಸಿದ್ದುದರಿಂದ ಎಂಜಿನ್ನು ಹಿಂದಿನದಕ್ಕಿಂತ ಎತ್ತರವಾಗಿ, ಹಳೆಯ ಬಾನೆಟ್ಟಿನ ಅಡಿಯಲ್ಲಿ ಹಿಡಿಸದೆ ಹೋಯಿತು. ಆಗ ಕಾರ್ಖಾನೆಯವರು ಬಾನೆಟ್ಟನ್ನೇ ಎತ್ತರಿಸಿದರು. ಸಿ.ಜೆ.-3ಬಿಯ ಮೂತಿ ದಿಬ್ಬವಾಗಿ ಕಾಣುವುದಕ್ಕೆ ಇದೇ ಕಾರಣ. ಎಡೆ ಸಾಲದೆ ಹೋದಾಗ ಒಳಗಿನ ವಸ್ತುವನ್ನು ಜಜ್ಜದೆ ಹೊರಗಿನ ಮಾಡನ್ನು ಎತ್ತರಿಸಿದ ಈ ಬುದ್ಧಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಸಂಗತಿಯೆಲ್ಲ ಆ ಎಡೆಯ ಮಾತೇ ಆಗಿದೆ.

ನಮ್ಮ ಮನೆಯ ಜೀಪು ಅಜ್ಜನವರು 1964ರಲ್ಲಿ ಕೊಂಡದ್ದು. ಸುಂಟಿಕೊಪ್ಪದಿಂದ ಒಳಕ್ಕೆ, ಮಣ್ಣುದಾರಿಯ ಕೊನೆಯಲ್ಲಿ ನಮ್ಮ ಮನೆ. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವುದಕ್ಕೆ 2021ರಲ್ಲಿ ಕೇಂದ್ರ ಸರಕಾರವು ನಿಯಮ ಮಾಡಿತು. ಆದರೆ ಹಾಗೆ ನೋಂದಾಯಿಸಿದ ಬಂಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೂ ಪಥಸಂಚಲನಕ್ಕೂ ಮಾತ್ರವೇ ಹೊರಡಿಸಬಹುದು. ನಮ್ಮ ಜೀಪಿಗೆ ಅಂತಹ ನಿವೃತ್ತಿ ಒಗ್ಗುವಂತಹುದಲ್ಲ. ಅದು ಇಂದಿಗೂ ದುಡಿಯುವ ಜೀವ. ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಿ, ನೋಂದಣಿಯನ್ನು ನವೀಕರಿಸಿಕೊಂಡು ಬರುತ್ತದೆ.

ಒಂದು ವರ್ಷ ಅದರ ಹೊಗೆಕೊಳವಿಯು ತುಕ್ಕು ಹಿಡಿದು ತೂತಾದುದರಿಂದ ಪೇಟೆಯ ಒಂದು ಕಾರ್ಖಾನೆಯಲ್ಲಿ ಹೊಸದನ್ನು ಮಾಡಿಸಲಾಯಿತು. ಎಂಜಿನ್ನಿನ ಎಡಮಗ್ಗುಲಲ್ಲಿ ಮ್ಯಾನಿಫೋಲ್ಡ್ ಎಂಬ ಬೀಡಿನ ಕವಲುಗೊಳವಿಯುಂಟು. ಸಿಲಿಂಡರುಗಳಲ್ಲಿ ಉರಿದ ಹೊಗೆಯೆಲ್ಲ ಅಲ್ಲಿ ಕೂಡಿ, ಅದರ ಅಡಿಯಿಂದ ಇಳಿಯುವ ಕೊಳವಿಯ ಮೂಲಕ ಸೈಲೆನ್ಸರನ್ನು ಸೇರುತ್ತದೆ. ಹೊಸ ಕೊಳವಿಯು ಇಳಿಯುವ ಹಾದಿಯಲ್ಲಿ ಚಾಸಿಯ ಅಡ್ಡತೊಲೆಗೆ ತಾಗುತ್ತಿದ್ದಿತು. ಕಾರ್ಖಾನೆಯವರು ತಾಗುವ ಸ್ಥಳದಲ್ಲಿ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಕೊಳವಿಯನ್ನು ಚಪ್ಪಟೆ ಮಾಡಿ, ಕೆಲಸ ತೀರಿತೆಂದು ಕಳುಹಿಸಿಕೊಟ್ಟರು. ಕೆಲವು ವಾರ ಜೀಪು ಸುಮ್ಮನಿದ್ದಿತು. ಆಮೇಲೆ ಇಳಿಜಾರಿನಲ್ಲಿ ಟಣಟಣವೆಂಬ ಸದ್ದು ಆರಂಭವಾಯಿತು. ಏರು ಹತ್ತುವಾಗ ಸದ್ದಿಲ್ಲ. ಇಳಿಯುವಾಗ ದೇವಸ್ಥಾನದ ಗಂಟೆಯಂತೆ ಬಾರಿಸುತ್ತಿದ್ದಿತು. ಮನೆಯ ಮಕ್ಕಳು ಅದಕ್ಕೆ 'ಗಂಟೆ ಜೀಪು' ಎಂದು ಹೆಸರಿಟ್ಟರು.

ಸದ್ದಿನ ಉಪದ್ರವವಷ್ಟೇ ಆಗಿದ್ದರೆ ಅದನ್ನು ಬರೆದು ವಾಚಕರ ಹೊತ್ತನ್ನು ಕಳೆಯಬೇಕಾದುದಿರಲಿಲ್ಲ. ಆ ವರ್ಷದ ಕಕ್ಕಡ ತಿಂಗಳಲ್ಲಿ, ಮಳೆ ಎಡೆಬಿಡದೆ ಸುರಿಯುತ್ತಿದ್ದ ಕಾಲದಲ್ಲಿ, ಜೀಪಿನ ಕ್ಯಾನ್ವಾಸು ಮಾಡನ್ನು ಹೊದಿಸಿ, ಪಕ್ಕದ ಪರದೆಗಳನ್ನೆಲ್ಲ ಬಿಗಿದು ಮಡಿಕೇರಿಗೆ ಹೋಗಿಬರುವುದು ನಡೆದಿತ್ತು. ಹಿಂದೆ ಕುಳಿತ ಮಕ್ಕಳಿಬ್ಬರೂ ತಲೆನೋವೆಂದು ಅಳುವರು; ಒಬ್ಬನು ವಾಂತಿ ಮಾಡುವನು; ಅತ್ತಿಗೆಯವರಿಗೆ ಕಣ್ಣು ಕತ್ತಲೆಗೂಡುವುದು. ಘಟ್ಟದ ನಾಡಿನಲ್ಲಿ ಇಂತಹುದಕ್ಕೆಲ್ಲ ಒಂದೇ ಉತ್ತರ ಸಿದ್ಧವಾಗಿರುತ್ತದೆ: ರಸ್ತೆಯ ತಿರುವು. ನಿಂಬೆಹಣ್ಣನ್ನು ಮೂಸಿಸಿ, ಶುಂಠಿಯ ಚೂರನ್ನು ಬಾಯಿಗೆ ಕೊಟ್ಟು ಪ್ರಯಾಣವನ್ನು ಮುಂದುವರಿಸುವುದು ವಾಡಿಕೆ.

ಈ ಉತ್ತರವನ್ನು ಒಪ್ಪದೆ ಇದ್ದವರು ನಮ್ಮ ಅಜ್ಜಿಯೊಬ್ಬರೇ. ಎಂಬತ್ತು ದಾಟಿದ ಅವರು ಮಾತು ಕಡಮೆ, ಕಣ್ಣು ಚುರುಕು. ಒಂದು ದಿನ ಮನೆಗೆ ಬಂದು ಇಳಿದವರೇ ಜಗಲಿಯಲ್ಲಿ ಕುಳಿತು, "ನಾನು ಮದುವೆಯಾಗಿ ಬಂದಂದಿನಿಂದ ಸಂಪಾಜೆ ಘಾಟಿಯನ್ನು ಎಷ್ಟು ಸಲ ಹತ್ತಿದೆನೋ ಲೆಕ್ಕವಿಲ್ಲ. ಒಂದು ದಿನವೂ ತಲೆ ಸುತ್ತಿದವಳಲ್ಲ. ಬಸ್ಸಿನಲ್ಲಿ ಹೋದರೆ ಈಗಲೂ ಏನೂ ಆಗುವುದಿಲ್ಲ. ಈ ಜೀಪಿನಲ್ಲಿ ಹೋದರೆ ಮಾತ್ರ ತಲೆ ಒಡೆಯುತ್ತದೆ. ಅದೂ ಪರದೆ ಮುಚ್ಚಿದ ದಿನವೇ. ಬಾಗಿಲ ಬಳಿ ಕುಳಿತ ಡ್ರೈವರನಿಗೆ ಏನೂ ಇಲ್ಲ. ಇಳಿದು ಗಾಳಿಗೆ ನಿಂತರೆ ನಮಗೂ ಕಡಮೆಯಾಗುತ್ತದೆ. ಇದು ದಾರಿಯ ಕಾಟವಲ್ಲ, ಮಗಾ, ಈ ಬಂಡಿಯೊಳಗೇ ಏನೋ ಇದೆ" ಎಂದರು. ವೈದ್ಯರಿಗೂ ಯಂತ್ರಶಾಸ್ತ್ರಜ್ಞರಿಗೂ ಮೆಚ್ಚುಗೆಯಾಗಬಲ್ಲ ವಿಚಾರಸರಣಿ ಅದು.

ಅಜ್ಜಿಯವರು ಹೇಳಿದ 'ಏನೋ' ಎಂಬುದಕ್ಕೆ ಕಾರ್ಬನ್ ಮಾನಾಕ್ಸೈಡ್ ಎಂದು ಹೆಸರು. ಪೆಟ್ರೋಲು ಪೂರ್ತಿಯಾಗಿ ಉರಿಯದೆ ಹೋದಾಗ ಹುಟ್ಟುವ ವಿಷಾನಿಲವಿದು. ಹೊಗೆಯನ್ನು ಶುದ್ಧಿಮಾಡುವ ಸಾಧನಗಳಿಲ್ಲದ ಹಳೆಯ ಎಂಜಿನ್ನುಗಳ ಹೊಗೆಯಲ್ಲಿ ಇದು ನೂರಕ್ಕೆ ಹಲವು ಪಾಲು ಇರುವುದುಂಟು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ನೆತ್ತರಿನಲ್ಲಿ ಪ್ರಾಣವಾಯುವನ್ನು ಹೊರುವ ಹಿಮೊಗ್ಲೋಬಿನ್ನಿಗೆ, ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಹೆಚ್ಚಿನ ಬಲದಿಂದ ಇದು ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿತೆಂದರೆ, ಶುದ್ಧವಾದ ಗಾಳಿಯಲ್ಲಿ ನಿಂತರೂ ಅದರ ಅರ್ಧಪಾಲು ಬಿಟ್ಟುಹೋಗುವುದಕ್ಕೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಮೊದಲು ತಲೆನೋವು, ಬಳಿಕ ವಾಕರಿಕೆ, ತಲೆಸುತ್ತು, ಮಂಪರು. ಇನ್ನೂ ಹೆಚ್ಚಿದರೆ ಎಚ್ಚರತಪ್ಪಿ ಮರಣ. ಒಂದೇ ವಾಹನದಲ್ಲಿ ಅಥವಾ ಒಂದೇ ಕೋಣೆಯಲ್ಲಿದ್ದ ಹಲವರಿಗೆ ಒಂದೇ ಹೊತ್ತಿನಲ್ಲಿ ತಲೆನೋವು ಬಂದು, ಹೊರಗಿನ ಗಾಳಿಗೆ ಬಂದೊಡನೆ ತಗ್ಗತೊಡಗಿದರೆ ಈ ವಿಷವನ್ನು ಸಂಶಯಿಸಲೇಬೇಕು. ಬಚ್ಚಲಿನ ಗ್ಯಾಸ್ ಗೀಸರಿಗೂ, ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇಡುವ ಕೆಂಡದ ಅಗ್ಗಿಷ್ಟಿಕೆಗೂ ಈ ಮಾತು ಸಲ್ಲುತ್ತದೆಯಾದ ಕಾರಣ, ಜೀಪಿಲ್ಲದ ಮನೆಯವರೂ ಇದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

ಗೋಣಿಕೊಪ್ಪಲಿನ ಕಡೆಯ ಒಬ್ಬ ವೃದ್ಧ ಮೇಸ್ತ್ರಿಗಳನ್ನು ಮನೆಗೇ ಕರೆಸಲಾಯಿತು. ಕೈಯಲ್ಲಿ ಸ್ಪ್ಯಾನರು ಹಿಡಿಯುವ ಮೊದಲು ಅವರು ಒಂದು ಲೋಟ ಕಾಫಿ ಕುಡಿದು, ಅಜ್ಜಿಯವರ ಮಾತನ್ನು ಆದ್ಯಂತವಾಗಿ ಕೇಳಿದರು. ಬಳಿಕ ಜೀಪಿನ ಅಡಿಯಲ್ಲಿ ಗೋಣಿ ಹಾಸಿ, ಬೆಳಕು ಹಿಡಿದು, ಕಾಲು ಗಂಟೆ ಸುಮ್ಮನೆ ನೋಡುತ್ತ ಮಲಗಿದರು. ಹೊರಗೆ ಬಂದು ಅವರಾಡಿದ ಮೊದಲ ಮಾತು ಇದು: "ಪೈಪಿನ ತಪ್ಪಲ್ಲ ಸ್ವಾಮಿ, ಎಂಜಿನ್ನೇ ಕೂತುಬಿಟ್ಟಿದೆ."

ಅದರ ವಿವರ ಹೀಗೆ. ಎಂಜಿನ್ನು ಚಾಸಿಗೆ ನೇರವಾಗಿ ಅಂಟಿರುವುದಿಲ್ಲ. ಮುಂದೆ ಎರಡು, ಹಿಂದೆ ಗೇರ್‌ಬಾಕ್ಸಿನ ಅಡಿಯಲ್ಲಿ ಒಂದು, ಹೀಗೆ ರಬ್ಬರಿನ ಮೌಂಟಿಂಗುಗಳ ಮೇಲೆ ಕುಳಿತಿರುತ್ತದೆ. ಎಡಗಡೆಯ ರಬ್ಬರು ಮ್ಯಾನಿಫೋಲ್ಡಿನ ಕಾವಿಗೂ ಸೋರಿದ ಎಣ್ಣೆಗೂ ಸಿಕ್ಕಿ ಹಲಸಿನ ತೊಳೆಯಂತೆ ಮೆತ್ತಗಾಗಿದ್ದಿತು. ಬಲಗಡೆಗಿಂತ ಎಡಗಡೆಯು ಅರ್ಧ ಅಂಗುಲ ಕುಸಿದಿದ್ದಿತು. ಎಂಜಿನ್ನು ಕುಸಿದರೆ ಅದಕ್ಕೆ ಕಚ್ಚಿಕೊಂಡ ಕೊಳವಿಯೂ ಕುಸಿಯದೆ ಇರುವುದೇ? ಎಂಜಿನ್ನು ಬಂಡಿಯನ್ನು ಮುಂದಕ್ಕೆ ಎಳೆಯುವಾಗ ಅದರ ಎಡಭುಜ ಮೇಲಕ್ಕೆ ಏಳುತ್ತದೆ. ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುವಾಗ, ಅಥವಾ ರಿವರ್ಸ್ ಗೇರಿನಲ್ಲಿ ಎಳೆಯುವಾಗ, ಎಡಭುಜ ಕೆಳಕ್ಕೆ ಒತ್ತುತ್ತದೆ. ಏರಿನಲ್ಲಿ ಮೌನ, ಇಳಿಜಾರಿನಲ್ಲಿ ಗಂಟೆ, ಎಂಬ ಒಗಟು ಹೀಗೆ ಬಿಡಿಸಿತು. ಕುಸಿದ ಕೊಳವಿಯು ಅಡ್ಡತೊಲೆಗೆ ದಿನವೂ ನೂರಾರು ಸಲ ಬಡಿದು, ಸುತ್ತಿಗೆಯ ಏಟಿನಿಂದ ಮೊದಲೇ ಸೋತಿದ್ದ ಸ್ಥಳದಲ್ಲಿ ಕೂದಲೆಳೆಯಂತೆ ಬಿರಿದಿದ್ದಿತು. ಆ ಬಿರುಕು ನೆಲದ ತಗಡಿನ ಸಂದಿಗೆ ಸರಿಯಾಗಿ ಕೆಳಗಿದ್ದುದರಿಂದ ಹೊಗೆಯೆಲ್ಲ ಮುಚ್ಚಿದ ಮಾಡಿನೊಳಕ್ಕೆ ಏರುತ್ತಿದ್ದಿತು.

ಚಿಕ್ಕಪ್ಪನವರು, "ಹಾಗಾದರೆ ಬಿರುಕಿಗೆ ವೆಲ್ಡಿಂಗ್ ಹಾಕಿಸಿ, ಇನ್ನೂ ಸ್ವಲ್ಪ ಬಡಿದು ಎಡೆ ಮಾಡಿಸಿದರೆ ಆಗದೆ? ಇಲ್ಲವಾದರೆ ಈ ಮುದುಕನನ್ನು ಗುಜರಿಗೆ ಕೊಟ್ಟುಬಿಡೋಣ" ಎಂದರು. ಅದಕ್ಕೆ ಮೇಸ್ತ್ರಿಗಳು ಕೊಟ್ಟ ಉತ್ತರವು ನ್ಯಾಯವಾದುದಾಗಿತ್ತು. ದುಂಡು ಕೊಳವಿಯನ್ನು ಸ್ವಲ್ಪ ಒತ್ತಿದ ಮಾತ್ರಕ್ಕೆ ಎಂಜಿನ್ನಿನ ಬಲವೇನೂ ಹೋಗುವುದಿಲ್ಲ; ಅರ್ಧದಷ್ಟು ಚಪ್ಪಟೆಯಾದರೂ ಒಳಗಿನ ದಾರಿಯಲ್ಲಿ ಸುಮಾರು ಕಾಲುಭಾಗವಷ್ಟೇ ನಷ್ಟ. ಆದರೆ ಏಟು ತಿಂದ ತಗಡು ಕಾವಿಗೂ ಅದುರಿಗೂ ಬೇಗ ಬಿರಿಯುತ್ತದೆ. ಅಲ್ಲದೆ ರಬ್ಬರು ಇನ್ನೂ ಕುಸಿಯುವುದು, ಕೊಳವಿ ಮತ್ತೆ ತಾಗುವುದು, ಪುನಃ ಬಡಿಯಬೇಕಾಗುವುದು. "ನೆಲಗಟ್ಟು ಕುಸಿದ ಮನೆಗೆ ಬಾಗಿಲು ಹೆರೆದರೆ ಎಷ್ಟು ದಿನ, ಸ್ವಾಮಿ?" ಎಂದು ಅವರು ಕೇಳಿದರು. ಚಿಕ್ಕಪ್ಪನವರು ಸುಮ್ಮನಾದರು.

ಕೆಲಸವು ಕೆಳಗಿನ ಕ್ರಮದಲ್ಲಿ ನಡೆಯಿತು. ಮೊದಲು ಮೂರು ಮೌಂಟಿಂಗುಗಳನ್ನೂ ಒಟ್ಟಿಗೆ ಬದಲಾಯಿಸಲಾಯಿತು. ಒಂದನ್ನೇ ಹೊಸದು ಮಾಡಿದರೆ ಎಂಜಿನ್ನು ಇನ್ನೊಂದು ಕಡೆಗೆ ವಾಲುವ ಭಯ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಎಂಜಿನ್ನಿನ ಭಾರವೆಲ್ಲ ರಬ್ಬರಿನ ಮೇಲೆ ಇಳಿದ ನಂತರವೇ ಬಿಗಿಯುವುದು ಕ್ರಮ. ಅಷ್ಟರಿಂದಲೇ ಕೊಳವಿಯು ಅರ್ಧ ಅಂಗುಲ ಮೇಲಕ್ಕೆ ಬಂದಿತು. ಹಳೆಯ ಜೀಪುಗಳ ಯಜಮಾನರು ಇದನ್ನು ಗಮನಿಸಬೇಕು: ಕೊಳವಿ ತಾಗುತ್ತದೆಯೆಂದು ಕಂಡಾಗ ಮೊದಲು ನೋಡಬೇಕಾದುದು ಕೊಳವಿಯನ್ನಲ್ಲ, ಎಂಜಿನ್ನು ಕುಳಿತ ಪೀಠವನ್ನು.

ಎರಡನೆಯದಾಗಿ, ಬಿರಿದ ಕೊಳವಿಯನ್ನು ಬಿಸಾಡಿ ಹೊಸದನ್ನು ಬಗ್ಗಿಸುವ ಕೆಲಸ. ಮೇಸ್ತ್ರಿಗಳು ಒಂದು ದಪ್ಪ ತಂತಿಯನ್ನು ತೆಗೆದುಕೊಂಡು, ಮ್ಯಾನಿಫೋಲ್ಡಿನ ಬಾಯಿಂದ ಸೈಲೆನ್ಸರಿನ ಬಾಯಿಯ ವರೆಗೆ, ಯಾವ ಕಬ್ಬಿಣಕ್ಕೂ ತಾಗದಂತೆ ಬಳಸಿ ಬಗ್ಗಿಸಿ ಅಚ್ಚನ್ನು ಮಾಡಿಕೊಂಡರು. ಕೊಳವಿಯೊಳಗೆ ಮರಳು ತುಂಬಿ, ಎರಡು ತುದಿಗೂ ಮರದ ಬಿರಡೆ ಹೊಡೆದು, ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಆ ತಂತಿಯ ಅಚ್ಚಿಗೆ ಸರಿಯಾಗಿ ಬಗ್ಗಿಸಿದರು. ಒಳಗೆ ಮರಳಿದ್ದರೆ ಬಾಗುವ ಸ್ಥಳದಲ್ಲಿ ಕೊಳವಿ ಮಡಚಿಕೊಳ್ಳದೆ ದುಂಡಾಗಿಯೇ ಉಳಿಯುತ್ತದೆ. ಆದರೆ ಮರಳನ್ನು ಮೊದಲು ಬಾಣಲೆಯಲ್ಲಿ ಹುರಿದು ತೇವವನ್ನೆಲ್ಲ ತೆಗೆಯಲೇಬೇಕು. ಹಸಿ ಮರಳಿದ್ದರೆ ನೀರು ಆವಿಯಾಗಿ ಬಿರಡೆಯನ್ನು ಗುಂಡಿನಂತೆ ಹಾರಿಸಿಬಿಡುತ್ತದೆ. ಅಡಿಗೆಮನೆಯ ಹಳೆಯ ಬಾಣಲೆಯೊಂದು ಇದಕ್ಕಾಗಿ ಬಲಿಯಾಯಿತು. ಅತ್ತಿಗೆಯವರು ಅದನ್ನು ಮರಳಿ ಒಳಕ್ಕೆ ಸೇರಿಸಲಿಲ್ಲ.

ಮೂರನೆಯದು ಎಡೆಯನ್ನು ಅಳೆಯುವ ಪರೀಕ್ಷೆ. ಮೇಸ್ತ್ರಿಗಳು ಅಡಿಗೆಮನೆಯ ಬಾಗಿಲಿಗೆ ಬಂದು, "ಅಮ್ಮಾ, ಒಟ್ಟಿ ತಟ್ಟುವ ಹಿಟ್ಟು ನಾಲ್ಕು ಉಂಡೆ ಕೊಡಿ" ಎಂದರು. ಹಸಿವಾಗಿರಬೇಕೆಂದು ಅಜ್ಜಿಯವರು ಒಲೆಯ ಮೇಲೆ ಕಾವಲಿ ಇಟ್ಟರು. ಅವರಿಗೆ ಬೇಕಾಗಿದ್ದುದು ಹಸಿಹಿಟ್ಟು. ಕೊಳವಿಗೂ ತೊಲೆಗೂ ನಡುವೆ ಎಲ್ಲೆಲ್ಲಿ ಸಮೀಪವೋ ಅಲ್ಲೆಲ್ಲ ಒಂದೊಂದು ಉಂಡೆಯನ್ನು ಮೆತ್ತಿದರು. ಕೊಳವಿ ತಣ್ಣಗಿರುವಾಗಲೇ ಎಂಜಿನ್ನನ್ನು ಚಾಲೂ ಮಾಡಿ, ಬ್ರೇಕನ್ನು ಬಲವಾಗಿ ಒತ್ತಿ, ಮೊದಲ ಗೇರಿನಲ್ಲೊಮ್ಮೆ, ರಿವರ್ಸ್ ಗೇರಿನಲ್ಲೊಮ್ಮೆ ಕ್ಲಚ್ಚನ್ನು ಸ್ವಲ್ಪ ಬಿಟ್ಟು, ಎಂಜಿನ್ನು ಎರಡು ಕಡೆಗೂ ಹೊರಳುವಂತೆ ಮಾಡಿದರು. ಆಮೇಲೆ ಉಂಡೆಗಳನ್ನು ಕೊಯ್ದು ನೋಡಿದಾಗ, ಹೊರಳಿದ ಹೊತ್ತಿನಲ್ಲಿ ಉಳಿದಿದ್ದ ಎಡೆ ಎಷ್ಟೆಂಬುದು ಹಿಟ್ಟಿನ ದಪ್ಪದಲ್ಲಿಯೇ ತಿಳಿದುಬಂದಿತು. ನಿಂತಾಗ ಮುಕ್ಕಾಲು ಅಂಗುಲವಿದ್ದ ಎಡೆಯು ಹೊರಳಿದಾಗ ಅರ್ಧ ಅಂಗುಲಕ್ಕೆ ಇಳಿದಿದ್ದಿತು. ಅಷ್ಟು ಸಾಕು ಎಂದರು.

ಸಾಕೆಂಬುದಕ್ಕೂ ಲೆಕ್ಕವುಂಟು. ಕಬ್ಬಿಣವು ಕಾದರೆ ಹಿಗ್ಗುತ್ತದೆ. ಒಂದು ಮೀಟರು ಉದ್ದದ ಉಕ್ಕು ಒಂದು ಡಿಗ್ರಿ ಸೆಂಟಿಗ್ರೇಡು ಕಾದರೆ ಸುಮಾರು ಹನ್ನೆರಡು ಮೈಕ್ರೋಮೀಟರು, ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಹನ್ನೆರಡು ಪಾಲು, ಬೆಳೆಯುತ್ತದೆ. ನಮ್ಮ ಕೊಳವಿ ನಾಲ್ಕಡಿ ಉದ್ದವಿದ್ದು, ಘಾಟಿಯಲ್ಲಿ 250 ಡಿಗ್ರಿಯಷ್ಟು ಹೆಚ್ಚು ಕಾದರೆ ಮೂರೂವರೆ ಮಿಲಿಮೀಟರಿಗೂ ಮಿಕ್ಕಿ ಉದ್ದವಾಗುತ್ತದೆ. ತಣ್ಣಗಿರುವಾಗ ಎರಡು ಮಿಲಿಮೀಟರು ಎಡೆ ಕಂಡು ತೃಪ್ತಿಪಟ್ಟವನ ಕೊಳವಿಯು ಮೊದಲನೆಯ ಏರಿನಲ್ಲಿಯೇ ತೊಲೆಯನ್ನು ಮುಟ್ಟೀತು. ಆ ಬೆಳವಣಿಗೆಗೆ ಅಡ್ಡಿಯಾಗದಂತೆ, ಸೈಲೆನ್ಸರನ್ನು ಬಿಗಿಯಾದ ಕಬ್ಬಿಣದ ಪಟ್ಟಿಯಿಂದ ಕಟ್ಟದೆ ರಬ್ಬರಿನ ತೂಗುಪಟ್ಟಿಯಿಂದ ತೂಗಹಾಕಲಾಯಿತು.

ನಾಲ್ಕನೆಯದಾಗಿ, ಮ್ಯಾನಿಫೋಲ್ಡನ್ನು ಬಿಚ್ಚಿ, ಅದರ ಮುಖ ಸಮತಟ್ಟಾಗಿದೆಯೇ ಎಂದು ಉಕ್ಕಿನ ಪಟ್ಟಿಯನ್ನಿಟ್ಟು ನೋಡಿ, ಹೊಸ ಪ್ಯಾಕಿಂಗು ಹಾಕಿ, ಹಿತ್ತಾಳೆಯ ನಟ್ಟುಗಳಿಂದ ನಡುವಿನಿಂದ ಎರಡು ತುದಿಗಳ ಕಡೆಗೆ ಸ್ವಲ್ಪಸ್ವಲ್ಪವಾಗಿ ಬಿಗಿದರು. ಕಬ್ಬಿಣದ ನಟ್ಟು ಕಾವಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯದು ಮುಂದೊಂದು ದಿನ ಸುಲಭವಾಗಿ ಬಿಚ್ಚಲು ಬರುತ್ತದೆ.

ಕೊನೆಯದಾಗಿ, ಕೊಳವಿಗೆ ಹತ್ತಿರವಾಗಿ ಹಾದುಹೋಗಿದ್ದ ಎರಡು ನಳಿಗೆಗಳ ವಿಚಾರ. ಒಂದು ಪೆಟ್ರೋಲಿನದು. ಈ ಎಂಜಿನ್ನಿನಲ್ಲಿ ಪೆಟ್ರೋಲು ಪಂಪು ಕೂಡ ಎಡಮಗ್ಗುಲಲ್ಲಿಯೇ ಇರುವುದರಿಂದ, ಕಾವು ಹೆಚ್ಚಾದರೆ ನಳಿಗೆಯೊಳಗೆ ಪೆಟ್ರೋಲು ಆವಿಯಾಗಿ ಬಂಡಿ ನಡುದಾರಿಯಲ್ಲಿ ನಿಂತುಬಿಡುತ್ತದೆ. ಇನ್ನೊಂದು ಬ್ರೇಕ್ ಎಣ್ಣೆಯದು. ಡಾಟ್ 3 ಎಂಬ ದರ್ಜೆಯ ಎಣ್ಣೆಯು ಹೊಸತಿರುವಾಗ 205 ಡಿಗ್ರಿಗೆ ಮೊದಲು ಕುದಿಯಬಾರದೆಂದು ನಿಯಮ. ಆದರೆ ಆ ಎಣ್ಣೆ ಗಾಳಿಯ ತೇವವನ್ನು ಹೀರುವಂತಹುದು. ಹೀರಿದ ಬಳಿಕ 140 ಡಿಗ್ರಿಗೇ ಕುದಿಯಬಹುದು. ತಿಂಗಳುಗಟ್ಟಲೆ ಮಳೆ ಹಿಡಿಯುವ ನಮ್ಮ ನಾಡಿನಲ್ಲಿ ತೇವಕ್ಕೆ ಬರವೆಲ್ಲಿ? ನಳಿಗೆಯಲ್ಲಿ ಎಣ್ಣೆ ಕುದಿದು ಗುಳ್ಳೆಯೆದ್ದರೆ ಬ್ರೇಕಿನ ಪೆಡಲು ಒತ್ತಿದಷ್ಟೂ ಒಳಕ್ಕೆ ಹೋಗುತ್ತದೆ, ಬಂಡಿ ನಿಲ್ಲುವುದಿಲ್ಲ. ಘಾಟಿಯ ಇಳಿಜಾರಿನಲ್ಲಿ ಹೀಗಾದರೆ ಏನಾದೀತೆಂಬುದನ್ನು ಬರೆಯುವುದು ಬೇಡ. ಎರಡು ನಳಿಗೆಗಳನ್ನೂ ದೂರಕ್ಕೆ ಸರಿಸಿ, ನಡುವೆ ಅಲ್ಯುಮಿನಿಯಮಿನ ಹೊಳಪು ತಗಡೊಂದನ್ನು, ಅದೂ ಕೊಳವಿಗೆ ಅಂಟದಂತೆ ಗಾಳಿಯಾಡಲು ಜಾಗ ಬಿಟ್ಟು, ಮರೆಯಾಗಿ ಕಟ್ಟಲಾಯಿತು. ಹಳೆಯ ಬ್ರೇಕ್ ಎಣ್ಣೆಯನ್ನು ಚೆಲ್ಲಿ ಹೊಸದನ್ನು ತುಂಬಿದರು.

ಎಲ್ಲ ಮುಗಿದ ಮೇಲೆ ಸೋರಿಕೆಯ ಪರೀಕ್ಷೆ. ಬಯಲಿನಲ್ಲಿ ಜೀಪನ್ನು ನಿಲ್ಲಿಸಿ, ಎಂಜಿನ್ನು ತಣ್ಣಗಿರುವಾಗ ಚಾಲೂ ಮಾಡಿ, ಹೊಗೆ ಹೊರಡುವ ತುದಿಗೆ ಒದ್ದೆ ಬಟ್ಟೆಯ ದಪ್ಪ ಮುದ್ದೆಯನ್ನು ಕೆಲವು ಕ್ಷಣ ಒತ್ತಿಹಿಡಿದರು. ಎಲ್ಲಿಯಾದರೂ ಬಿರುಕಿದ್ದರೆ ಅಲ್ಲಿ ಬುಸ್ಸೆಂಬ ಸದ್ದು ಕೇಳುತ್ತದೆ; ಕೀಲುಗಳಿಗೆ ಸೋಪಿನ ನೀರು ಬಳಿದಿದ್ದರೆ ಗುಳ್ಳೆಯೇಳುತ್ತದೆ. ಬುಸ್ಸೆನ್ನಲಿಲ್ಲ, ಗುಳ್ಳೆಯೂ ಏಳಲಿಲ್ಲ. ನೆಲದ ತಗಡಿನ ಸಂದಿಗಳನ್ನೂ ಮುಚ್ಚಿಸಿ ಮೇಸ್ತ್ರಿಗಳು ಕೈ ತೊಳೆದುಕೊಂಡರು. ಅವರು ಕೇಳಿದ ಕೂಲಿ ಹೆಚ್ಚಿನದಾಗಿರಲಿಲ್ಲ. ಅಜ್ಜಿಯವರು ಅದರ ಜೊತೆಗೆ ಒಂದು ಸೀಸೆ ಜೇನುತುಪ್ಪವನ್ನಿಟ್ಟು ಕಳುಹಿಸಿದರು.

ಆ ವರ್ಷದ ತುಲಾಸಂಕ್ರಮಣಕ್ಕೆ ಮನೆಮಂದಿಯೆಲ್ಲ ಅದೇ ಜೀಪಿನಲ್ಲಿ ತಲಕಾವೇರಿಗೆ ಹೋದೆವು. ದಾರಿಯುದ್ದಕ್ಕೂ ತುಂತುರು ಮಳೆ. ಪರದೆಗಳೆಲ್ಲ ಮುಚ್ಚಿಯೇ ಇದ್ದುವು. ಭಾಗಮಂಡಲದಿಂದ ಮೇಲಕ್ಕೆ ಎಂಟು ಕಿಲೋಮೀಟರು, ತಿರುವಿನ ಮೇಲೆ ತಿರುವು. ಮಕ್ಕಳು ಹಾಡು ಹೇಳುತ್ತ ಬಂದರು. ಇಳಿಯುವಾಗ ಗಂಟೆಯ ಸದ್ದು ಕೇಳದುದರಿಂದ ಚಿಕ್ಕವನಿಗೆ ಸ್ವಲ್ಪ ಬೇಸರವಾಯಿತೆಂದು ಕಾಣುತ್ತದೆ.

ಇಷ್ಟೆಲ್ಲ ಬರೆದುದಕ್ಕೆ ಕಾರಣವುಂಟು. ನಮ್ಮ ನಾಡಿನಲ್ಲಿ ಹಳೆಯ ಜೀಪುಗಳಿರುವ ಮನೆಗಳು ಬಹಳ. ಅವುಗಳಿಗೆ ಹೊಸ ಬಣ್ಣ ಬಳಿಸುವುದಕ್ಕೂ ಅಗಲವಾದ ಚಕ್ರ ಹಾಕಿಸುವುದಕ್ಕೂ ಉತ್ಸಾಹವಿದ್ದಷ್ಟು, ಅಡಿಯಲ್ಲಿ ಮಲಗಿ ನೋಡುವುದಕ್ಕೆ ಇರುವುದಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಗೆಂದು ಬಂಡಿಯನ್ನು ತೊಳೆಯುವ ದಿನವಾದರೂ, ಕುಂಕುಮವಿಟ್ಟು ನಿಂಬೆಹಣ್ಣು ಇಡುವ ಮೊದಲು ಒಬ್ಬರು ಗೋಣಿ ಹಾಸಿ ಕೆಳಗೆ ಇಣುಕಲಿ. ರಬ್ಬರು ಕುಸಿದಿದೆಯೇ, ಕೊಳವಿಯು ಎಲ್ಲಿಯಾದರೂ ಉಜ್ಜಿ ಹೊಳೆಯುತ್ತಿದೆಯೇ, ಕೀಲಿನ ಸುತ್ತ ಮಸಿ ಹಿಡಿದಿದೆಯೇ ಎಂದು ನೋಡಲಿ. ಉಜ್ಜಿದ ಹೊಳಪು ತಾಗುತ್ತಿರುವುದರ ಗುರುತು. ಮಸಿಯು ಸೋರುತ್ತಿರುವುದರ ಗುರುತು. ಮತ್ತು ಮನೆಯ ಹಿರಿಯರೊಬ್ಬರು "ಈ ಬಂಡಿಯಲ್ಲಿ ಕುಳಿತರೆ ಮಾತ್ರ ತಲೆನೋವು" ಎಂದರೆ, ಅದನ್ನು ವಯಸ್ಸಿನ ಗೊಣಗಾಟವೆಂದು ತಳ್ಳಿಹಾಕದೆ ಕೂಡಲೇ ಪರದೆಯನ್ನು ಸರಿಸಿ, ಬಂಡಿಯನ್ನು ನಿಲ್ಲಿಸಿ ವಿಚಾರಿಸಲಿ.